ಕೆಎ-45ರ ರಸ್ತೆಗೆ ಇಳಿಯುವ ಮುನ್ನ
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹುಡುಗರು, ಹುಡುಗಿಯರು ಲೈಸೆನ್ಸಿಗಾಗಿ ಹೋಗುವುದು ಹುಣಸೂರಿನ ಆರ್‌ಟಿಒಗೆ. ಇಲ್ಲಿನ ಗಾಡಿಗಳ ನಂಬರು ಶುರುವಾಗುವುದೇ ಕೆಎ-45ರಿಂದ. ಕಲಿಕಾ ಲೈಸೆನ್ಸ್ (ಎಲ್ಎಲ್ಆರ್) ಕೈಗೆ ಬಂದು 30 ದಿನ ಕಳೆಯದೆ ಪರೀಕ್ಷೆಗೆ ನಿಲ್ಲುವಂತಿಲ್ಲ, ಅದರ ಆಯಸ್ಸು 6 ತಿಂಗಳು. ಆ 30 ದಿನವನ್ನು ನಮ್ಮವರು ಪರೀಕ್ಷೆಗಾಗಿ ಬೈಕಿನಲ್ಲಿ ಬರೀ ಎಂಟು ಹಾಕುವುದನ್ನು ಕಲಿಯಲು ಕಳೆಯುತ್ತಾರೆಂಬುದೇ ನನ್ನ ಸಂಕಟ. ಕಾಲು ನೆಲಕ್ಕೆ ತಾಗದಂತೆ ಎಂಟು ಹಾಕಿದವನಿಗೆ ರಾತ್ರಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ? ಹೊಗೆಸೊಪ್ಪು ತುಂಬಿದ ಗಾಡಿಯನ್ನು ತಿರುವಿನಲ್ಲಿ ಹಿಂದಿಕ್ಕಬಾರದೆಂದು ಯಾರು ಹೇಳಿಕೊಟ್ಟರು? ನಾಗರಹೊಳೆ ಅಂಚಿನ ದಾರಿಯಲ್ಲಂತೂ ಜಿಂಕೆ ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ, ಬ್ರೇಕಿನ ಮೇಲೆ ಕಾಲಿರಬೇಕು. ಇವನ್ನೆಲ್ಲ ಪಕ್ಕದಲ್ಲಿ ಕೂತ ಅನುಭವಿಯೇ ಕಲಿಸಬೇಕು. ಇನ್ನು ವಯಸ್ಸಿನ ಮಾತು: ಗೇರ್ ಬೈಕಿಗೆ 18 ವರ್ಷ ತುಂಬಿರಲೇಬೇಕು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಅಪ್ಪ ಅಮ್ಮಂದಿರೇ, ಮಗ ಪರೀಕ್ಷೆ ಪಾಸಾಗಿ ಬಂದ ದಿನ ಸಿಹಿ ಹಂಚುವ ಮೊದಲು ಅವನ ಕೈಗೊಂದು ಒಳ್ಳೆಯ ಹೆಲ್ಮೆಟ್ ಕೊಡಿ.