ಸ್ಪಾಟ್ ಲಿಸ್ಟ್ ಕೇಳಬೇಡಿ

ನಮ್ಮೂರು ಹಟ್ಟಿಕೇರಿ. ಕೇಳಿಲ್ಲ ಅಂತೀರಾ? ಗೋಕರ್ಣದಿಂದ ಗೋವಾಕ್ಕೆ ಕಾರಲ್ಲಿ ಹೋಗಿದ್ದರೆ ಖಂಡಿತ ನೋಡಿದ್ದೀರಿ. ದುಡ್ಡು ಕಟ್ಟಾಯ್ತು ಅಂತ ಮೊಬೈಲಿಗೆ ಫಾಸ್ಟ್ಯಾಗ್ ಮೆಸೇಜ್ ಬರುತ್ತಲ್ಲ, ಅದರಲ್ಲಿರುವ ಹೆಸರು. ಅಂಕೋಲಾ ತಾಲೂಕಿನ ಒಂದು ಊರು ಹೊರಗಿನವರ ಪಾಲಿಗೆ ಟೋಲ್ ಗೇಟ್ ಆಗಿ ಉಳಿದಿದೆ. ಇರಲಿ, ಅದಕ್ಕೆ ನನಗೆ ಬೇಜಾರಿಲ್ಲ.

ಬೇಜಾರು ಶುರುವಾಗೋದು ಲಾಂಗ್ ವೀಕೆಂಡ್ ಹತ್ತಿರ ಬಂದಾಗ. ಆಫೀಸಿನಲ್ಲಿ ಯಾರಾದರೊಬ್ಬ ಕುರ್ಚಿ ಎಳ್ಕೊಂಡು ಬಂದು ಕೂರ್ತಾನೆ. "ಗುರೂ, ಕಾರವಾರ ಕಡೆ ಒಳ್ಳೆ ಸ್ಪಾಟ್ಸ್ ಲಿಸ್ಟ್ ಕಳ್ಸು. ರಶ್ ಇರಬಾರದು. ಇನ್ನೂ ಯಾರೂ ಮುಟ್ಟದ ಜಾಗ ಆಗಿರಬೇಕು."

ಯಾರೂ ಮುಟ್ಟದ ಜಾಗ! ಉತ್ತರ ಕನ್ನಡದಲ್ಲಿ!

ಹೋದ ವರ್ಷ ಇಂಥ ನಾಲ್ವರನ್ನು ನಾನೇ ಕರಕೊಂಡು ಹೋಗಿದ್ದೆ. ಕಾರವಾರದಿಂದ ನಮ್ಮೂರ ಕಡೆ ಹೊರಟಾಗ, ಬಿಣಗಾ ದಾಟಿದ ಮೇಲೆ ಹಿಂದೆ ಕೂತವನು ಮ್ಯಾಪ್ ನೋಡಿಕೊಂಡು ಕೇಳಿದ: "ಇಲ್ಲಿ ಸಮುದ್ರ ಪಕ್ಕದಲ್ಲೇ ತೋರಿಸ್ತಿದೆ, ಇಳಿಯೋಣ್ವಾ?" ಕಿಟಕಿಯಾಚೆ ಕಾಣ್ತಾ ಇದ್ದದ್ದು ಕಾಂಪೌಂಡು, ಅದರ ಮೇಲೆ ಮುಳ್ಳುತಂತಿ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ನಡುವಿನ ಆ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ದೇಶಕ್ಕೆ ನೌಕಾನೆಲೆ ಬೇಕು, ಒಪ್ಪಿದೆ. ಆದರೆ ಪರಿಹಾರಕ್ಕಾಗಿ ಕೋರ್ಟು ಕಚೇರಿ ಅಲೆದೇ ಒಂದು ತಲೆಮಾರು ಮುದಿಯಾಯಿತು, ಅದನ್ನೂ ಒಪ್ಪಿಕೊಳ್ಳಿ. ಇದನ್ನೆಲ್ಲ ಹೇಳಿದೆ. ಹುಡುಗ "ಓಹ್, ಓಕೆ" ಅಂದು ಮುಂದಿನ ಬೀಚ್ ಹುಡುಕತೊಡಗಿದ.

ಕಾಡಿನ ಕಥೆಯೂ ಇಷ್ಟೇ. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜೊತೆ ಸೇರಿ ಹುಲಿ ಮೀಸಲು ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು. ಹೆಸರು ಕೊಟ್ಟ ಆ ಹೊಳೆಯ ಮೇಲೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ದಂಡೆಯಲ್ಲಿ ಕೈಗಾ ಅಣುಸ್ಥಾವರ. ಗಣೇಶಗುಡಿಯಲ್ಲಿ ಲೈಫ್ ಜಾಕೆಟ್ ಹಾಕ್ಕೊಂಡು "ವೈಲ್ಡ್ ರಿವರ್" ಅಂತ ಕೂಗ್ತೀರಲ್ಲ, ಆ ನೀರು ಸೂಪಾದಲ್ಲಿ ಕರೆಂಟು ಮಾಡಿ ಬಿಟ್ಟದ್ದು. ಬಿಟ್ಟರೆ ರಾಫ್ಟಿಂಗ್, ಬಿಡದಿದ್ದರೆ ಇಲ್ಲ. ಸೂಪಾ ಅನ್ನೋದು ಒಂದು ಕಾಲದಲ್ಲಿ ತಾಲೂಕು ಕೇಂದ್ರ, ಪೇಟೆ ಇದ್ದ ಊರು. ಈಗ ನೀರಿನಡಿ ಇದೆ. ಮುಳುಗಿದವರನ್ನು ಒಯ್ದು ರಾಮನಗರದಲ್ಲಿ ಕೂರಿಸಿದರು. ನಿಮ್ಮ ಫೋಟೋದ ಹಿಂದೆ ಕಾಣುವ ಆ ಸುಂದರ ಹಿನ್ನೀರಿಗೆ "ಲೇಕ್ ವ್ಯೂ" ಅಂತ ಹೆಸರಿಟ್ಟವರು ಯಾರೋ, ಪುಣ್ಯಾತ್ಮರು.

ಹಾಗಾದರೆ ಬರಲೇಬೇಡಿ ಅಂತಿದ್ದೀಯಾ ಅಂತ ಕೇಳಬಹುದು. ಖಂಡಿತ ಇಲ್ಲ. ಬನ್ನಿ. ನೀವು ಬರೋದರಿಂದ ನಮ್ಮ ಕಡೆ ಎಷ್ಟೋ ಮನೆಗಳ ಒಲೆ ಉರಿಯುತ್ತೆ. ಕಸ ಹಾಕ್ತೀರಿ, ಬಾಟ್ಲಿ ಒಡೀತೀರಿ ಅನ್ನೋ ಜಗಳವೂ ನನ್ನದಲ್ಲ, ಆ ವಿಷಯದಲ್ಲಿ ನಮ್ಮವರೇನು ಕಡಿಮೆ ಇಲ್ಲ. ನನ್ನ ಜಗಳ ಬೇರೆ.

ಅದು ಕಾರವಾರದ ಟಾಗೋರ್ ಕಡಲತೀರದ ಮರಳ ಮೇಲೆ ಶುರುವಾಗಿದ್ದು. ಟಾಗೋರರು ಇಪ್ಪತ್ತರ ಆಸುಪಾಸಿನಲ್ಲಿ, ಅಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ದರು. ಅದನ್ನು ಎಲ್ಲ ಗೈಡುಗಳೂ ಹೇಳುತ್ತವೆ. ಹೇಳದೇ ಇರೋದು 2020ರ ಜನವರಿಯ ಸುದ್ದಿ. ಸಾಗರಮಾಲಾ ಯೋಜನೆಯಲ್ಲಿ ಬಂದರು ವಿಸ್ತರಣೆಗೆ ಕಲ್ಲು ಸುರಿಯೋಕೆ ಬಂದಾಗ ಮೀನುಗಾರರು, ಅವರ ಹೆಂಗಸರು, ಮಕ್ಕಳು ಬೀದಿಗಿಳಿದರು. ಊರು ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಯಿತು. ಬಿಣಗಾ ಹೋಯ್ತು, ಅರಗಾ ಹೋಯ್ತು, ದಡದಲ್ಲಿ ನಿಂತು ಬಲೆ ಎಳೆಯೋಕೆ ಉಳಿದದ್ದು ಇದೊಂದೇ ದಂಡೆ, ಇದನ್ನೂ ಕೊಟ್ಟರೆ ಎಲ್ಲಿ ನಿಲ್ಲೋದು? ಅವರ ಪ್ರಶ್ನೆ ಅಷ್ಟೇ ಇತ್ತು. ನೀವು ಸೂರ್ಯಾಸ್ತ ನೋಡಿದ ಮರಳು ಮರಳಾಗಿಯೇ ಇರೋದಕ್ಕೆ ಆ ಜನ ಪೊಲೀಸರೆದುರು ನಿಂತದ್ದು ಕಾರಣ.

ಆ ದಂಡೆಯ ಮೇಲೆ ಕೂತು ನನ್ನ ಸಹೋದ್ಯೋಗಿ, ಒಳ್ಳೆ ಹುಡುಗನೇ, ಹೇಳಿದ್ದೇನು ಗೊತ್ತಾ? "ನಿಮ್ಮ ಜನ ಎಲ್ಲಾ ಡೆವಲಪ್‌ಮೆಂಟಿಗೂ ಅಡ್ಡ ಬರ್ತಾರಪ್ಪ." ಪಕ್ಕದಲ್ಲಿ ಒಣಮೀನು ಹರಡಿದ್ದರು. ವಾಸನೆ ಅಂತ ಮೂಗು ಮುಚ್ಚಿಕೊಂಡೇ ಹೇಳಿದ.

ಅಡ್ಡ ಬರ್ತಾರಾ? ನೌಕಾನೆಲೆಗೆ ಕೊಟ್ಟರು, ಕೈಗಾಕ್ಕೆ ಕೊಟ್ಟರು, ಅಣೆಕಟ್ಟಿಗೆ, ಕೊಂಕಣ ರೈಲಿಗೆ, ಚತುಷ್ಪಥಕ್ಕೆ ಕೊಟ್ಟರು. ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೂ ಜಾಗ. ಇಷ್ಟು ಕೊಟ್ಟ ಜಿಲ್ಲೆ ಇನ್ನೊಂದು ತೋರಿಸಿ ನೋಡೋಣ. ಅದೇ ಚತುಷ್ಪಥದಲ್ಲಿ 2024ರ ಜುಲೈ 16ರಂದು ಶಿರೂರಿನ ಗುಡ್ಡ ಜಾರಿ, ರಸ್ತೆ ಪಕ್ಕದ ಚಹಾ ಅಂಗಡಿಯ ಸಮೇತ ಜನ ಗಂಗಾವಳಿ ಪಾಲಾದರು. (ಬೈಂದೂರಿನ ಟೋಲ್ ಇರುವ ಶಿರೂರು ಬೇರೆ, ಇದು ನಮ್ಮ ಅಂಕೋಲಾದ್ದು.) ಆ ವಾರ ಊರಲ್ಲಿ ಆಯಿ ಊಟ ಬಿಟ್ಟು ಟೀವಿ ಮುಂದೆ ಕೂತಿದ್ದಳು. ನನಗೆ ಬೆಂಗಳೂರಲ್ಲಿ ಬಂದ ಮೆಸೇಜುಗಳನ್ನು ಎಣಿಸಲಿಲ್ಲ, ಆದರೆ ಹೆಚ್ಚಿನವು ಒಂದೇ: "ಗೋವಾ ರೋಡ್ ಯಾವಾಗ ಓಪನ್?"

ಈಗ ಕೇಣಿ. ಅಂಕೋಲಾ ಪೇಟೆಯ ಮಗ್ಗುಲಿಗೇ ಇರುವ ಮೀನುಗಾರರ ಊರು. 2025ರಲ್ಲಿ ಅಲ್ಲಿಯ ಜನ ಬಂದರು ಯೋಜನೆ ಬೇಡ ಅಂತ ಬೀದಿಗಿಳಿದರು. 1930ರಲ್ಲಿ ಉಪ್ಪಿನ ಕಾಯ್ದೆ ಮುರಿದ ತಾಲೂಕು ಇದು, ಕೂಗೋದು ಗೊತ್ತಿದೆ. ದಕ್ಷಿಣಕ್ಕೆ ಹೊನ್ನಾವರದ ಕಾಸರಕೋಡಿನಲ್ಲೂ ಹಾಗೇ. ಬ್ಲೂ ಫ್ಲ್ಯಾಗ್ ಬೀಚ್ ಅಂತ ನೀವು ಟಿಕೆಟ್ ತಗೊಂಡು ಒಳಗೆ ಹೋಗುವ ಊರಲ್ಲೇ, ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೊಡೆದಾಡ್ತಿದ್ದಾರೆ. ಒಂದನ್ನು ರೀಲ್ ಮಾಡ್ತೀರಿ, ಇನ್ನೊಂದರ ಸುದ್ದಿಯನ್ನು ಬೆರಳಲ್ಲಿ ಮೇಲೆ ತಳ್ತೀರಿ. ಅಷ್ಟು ಪ್ರೀತಿಯಿಂದ ಸಮುದ್ರ ನೋಡೋಕೆ ಐನೂರು ಕಿಲೋಮೀಟರ್ ಓಡಿಸಿಕೊಂಡು ಬರೋರಿಗೆ, ಆ ಸಮುದ್ರದ ದಂಡೆ ಯಾರ ಕೈಗೆ ಹೋಗ್ತಿದೆ ಅನ್ನೋದರಲ್ಲಿ ಆಸಕ್ತಿಯೇ ಇಲ್ಲ ಅಂದ್ರೆ ನಂಬೋಕೆ ಕಷ್ಟ ಆಗುತ್ತೆ ಮಾರಾಯ್ರೇ.

ಮೊನ್ನೆ ಅದೇ ಹುಡುಗ ಮತ್ತೆ ಕುರ್ಚಿ ಎಳ್ಕೊಂಡು ಬಂದ. ಡಿಸೆಂಬರಿಗೆ ಎರಡು ಕಾರು, ಒಂಬತ್ತು ಜನ, ಲಿಸ್ಟ್ ಬೇಕಂತೆ. ಈ ಸಲ ಒಂದೇ ಹೆಸರು ಬರೆದು ಕೊಟ್ಟೆ: ಕೇಣಿ. ಬೆಳಗ್ಗೆ ಆರಕ್ಕೆ ಹೋಗು, ಬಲೆ ಎಳೆಯೋರು ಸಿಕ್ಕರೆ ಕೈ ಹಚ್ಚು, ಬಂದರು ಬಂದ್ರೆ ಎಂತ ಆಗ್ತದೆ ಅಂತ ಅವರನ್ನೇ ಕೇಳು ಅಂದೆ. "ಅಲ್ಲಿ ಪಾರ್ಕಿಂಗ್ ಇದ್ಯಾ?" ಅಂತ ಕೇಳಿದ.

ಇದೆ ಅಂದೆ. ಸದ್ಯಕ್ಕಂತೂ ಇದೆ.