ಸಾಯದವರಿಗಾಗಿ ಅಳುವುದು ಹೇಗೆ?

ಅತಿಮಾನವರ ಚಲಚ್ಚಿತ್ರಗಳು ನೋಡುವವರ ಮನಸ್ಸನ್ನು ಕರಗಿಸಬಲ್ಲವೇ ಎಂಬ ಪ್ರಶ್ನೆ ಎದ್ದಾಗ ನಮ್ಮ ವಿದ್ಯಾವಂತರು ಎರಡು ಬಣವಾಗಿ ನಿಲ್ಲುತ್ತಾರೆ. ಒಂದು ಬಣದವರಿಗೆ ಆ ಪ್ರಶ್ನೆಯೇ ಹಾಸ್ಯಾಸ್ಪದ. ಬಣ್ಣದ ಬಿಗಿ ಉಡುಪು ತೊಟ್ಟು ಆಕಾಶದಲ್ಲಿ ಹಾರಾಡುವವರಿಗೂ ಹೃದಯಕ್ಕೂ ಏನು ಸಂಬಂಧ, ಅದೆಲ್ಲ ಮಕ್ಕಳ ಆಟ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಹೆಚ್ಚಿನವರು ಅಂಥ ಒಂದು ಚಿತ್ರವನ್ನೂ ಕೊನೆಯವರೆಗೆ ಕುಳಿತು ನೋಡಿದವರಲ್ಲ. ಇನ್ನೊಂದು ಬಣದವರು ಲೆಕ್ಕ ಒಪ್ಪಿಸುತ್ತಾರೆ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಲೋಕದಾದ್ಯಂತ ಸುಮಾರು 280 ಕೋಟಿ ಡಾಲರು ಗಳಿಸಿತು, ಚಿತ್ರಮಂದಿರಗಳಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತರು, ಇದಕ್ಕಿಂತ ಸಾಕ್ಷಿ ಬೇಕೇ ಸ್ವಾಮಿ, ಎಂದು ಕೇಳುತ್ತಾರೆ. ನನ್ನ ಜಗಳ ಎರಡು ಬಣದವರೊಡನೆಯೂ ಉಂಟು. ಆದರೆ ಎರಡನೆಯವರೊಡನೆಯೇ ಹೆಚ್ಚು. ಏಕೆಂದರೆ ಅವರು ಅಳುವನ್ನು ಬಲ್ಲವರು, ಬಲ್ಲವರಾಗಿಯೂ ಮೋಸಹೋಗುತ್ತಿರುವವರು.

ಮೊದಲ ಬಣದವರನ್ನು ಬೇಗ ಮುಗಿಸಿಬಿಡುತ್ತೇನೆ. ಅಮೆರಿಕದ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2019ರಲ್ಲಿ ಈ ಚಿತ್ರಗಳನ್ನು ಜಾತ್ರೆಯ ತೊಟ್ಟಿಲಿನಂಥ ವಿನೋದೋದ್ಯಾನಗಳಿಗೆ ಹೋಲಿಸಿ, ಇವು ಸಿನಿಮವೇ ಅಲ್ಲ ಎಂದಾಗ ಇವರಿಗೆಲ್ಲ ಹಬ್ಬವಾಯಿತು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಸ್ಯಾಮ್ ರೈಮಿ ನಿರ್ದೇಶಿಸಿದ 2004ರ ‘ಸ್ಪೈಡರ್‌ಮ್ಯಾನ್ 2’ ಚಿತ್ರದಲ್ಲಿ, ಓಡುವ ರೈಲನ್ನು ತನ್ನ ಮೈಯಿಂದಲೇ ತಡೆದು ನಿಲ್ಲಿಸಿ ಮೂರ್ಛೆ ಹೋದ ಹುಡುಗನನ್ನು ಪ್ರಯಾಣಿಕರು ಕೈಯಿಂದ ಕೈಗೆ ತಲೆಯ ಮೇಲೆ ಸಾಗಿಸಿ ನೆಲಕ್ಕೆ ಮಲಗಿಸುವ ಸನ್ನಿವೇಶವೊಂದಿದೆ. ಮುಖವಾಡ ಕಳಚಿಹೋಗಿದೆ. ಇವನು ನನ್ನ ಮಗನಿಗಿಂತ ದೊಡ್ಡವನಲ್ಲವಲ್ಲ ಎಂದು ಒಬ್ಬ ಬೆರಗಾಗುತ್ತಾನೆ. ಅದನ್ನು ನೋಡಿಯೂ ಎದೆಯಲ್ಲಿ ಏನೂ ಮಿಸುಕದವನು ರಸಿಕತೆಯ ವಿಷಯ ಮಾತನಾಡದಿರುವುದೇ ಮೇಲು.

ಇನ್ನು ನನ್ನ ಸ್ವಂತ ಸಾಕ್ಷಿ. 2017ರ ಮಾರ್ಚ್ ತಿಂಗಳು. ನಮ್ಮ ತಂದೆಯವರು ತೀರಿಕೊಂಡು ಮೂರು ತಿಂಗಳಾಗಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕೊನೆಯ ಎರಡು ವರ್ಷ ಅವರಿಗೆ ನೆನಪೆಂಬುದೇ ಉಳಿದಿರಲಿಲ್ಲ. ಬೆಳಗ್ಗೆ ಕಾಫಿ ಹಿಡಿದು ಹೋದರೆ ನನ್ನನ್ನು ನೋಡಿ, “ತಾವು ಯಾವ ಊರಿನವರು?” ಎಂದು ಬಹುವಚನದಲ್ಲಿ ವಿಚಾರಿಸುತ್ತಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ಮಂಕಾಗಿ ಕುಳಿತಿದ್ದ ನನ್ನನ್ನು ಅಕ್ಕನ ಮಗ ಬಲವಂತದಿಂದ ಎಬ್ಬಿಸಿದ. “ಹೊಡೆದಾಟದ ಪಿಕ್ಚರ್ ಮಾವ, ಬನ್ನಿ, ಮನಸ್ಸು ಬೇರೆ ಕಡೆ ಹೋಗುತ್ತೆ” ಎಂದ. ಪಾಪ, ಅವನಿಗೇನು ಗೊತ್ತು.

ಚಿತ್ರ ಜೇಮ್ಸ್ ಮ್ಯಾಂಗೋಲ್ಡ್ ನಿರ್ದೇಶಿಸಿದ ‘ಲೋಗನ್’. ಹ್ಯೂ ಜ್ಯಾಕ್‌ಮನ್ 2000ದಿಂದ ಆಡುತ್ತ ಬಂದಿದ್ದ ವುಲ್ವರೀನ್ ಎಂಬ ವೀರ, ಬೆರಳ ಸಂದುಗಳಿಂದ ಲೋಹದ ಉಗುರು ಚಿಮ್ಮಿಸುವವನು, ಎಂಥ ಗಾಯವಾದರೂ ಕ್ಷಣದಲ್ಲಿ ಮಾಯುವವನು, ಇಲ್ಲಿ ಮುದುಕನಾಗಿದ್ದಾನೆ. ಗಾಯ ಬೇಗ ಮಾಯುತ್ತಿಲ್ಲ. ಬಾಡಿಗೆ ಕಾರು ಓಡಿಸಿ ಹೊಟ್ಟೆ ಹೊರೆಯುತ್ತಾನೆ. ಉರುಳಿಬಿದ್ದ ಒಂದು ದೊಡ್ಡ ನೀರಿನ ಟ್ಯಾಂಕಿನೊಳಗೆ ತನ್ನ ಗುರು ಚಾರ್ಲ್ಸ್ ಝೇವಿಯರ್‌ನನ್ನು ಬಚ್ಚಿಟ್ಟು ಸಾಕುತ್ತಿದ್ದಾನೆ. ತೊಂಬತ್ತು ದಾಟಿದ ಆ ಗುರು ಒಂದು ಕಾಲಕ್ಕೆ ಲೋಕದವರ ಮನಸ್ಸನ್ನೆಲ್ಲ ಓದಬಲ್ಲವನು. ಈಗ ಅವನ ಮಿದುಳು ಅವನ ಮಾತನ್ನೇ ಕೇಳುತ್ತಿಲ್ಲ. ಫಿಟ್ಸು ಬಂದರೆ ಸುತ್ತಲಿನವರೆಲ್ಲ ಮರಗಟ್ಟಿಹೋಗುತ್ತಾರೆ. ಮಾತ್ರೆ ನುಂಗಿಸುವುದು, ಕಕ್ಕಸಿಗೆ ಕರೆದೊಯ್ಯುವುದು, ಎತ್ತಿಕೊಂಡು ಹೋಗಿ ಹಾಸಿಗೆಯಲ್ಲಿ ಮಲಗಿಸುವುದು, ಬೈಸಿಕೊಳ್ಳುವುದು, ತಾನೂ ಬೈಯುವುದು: ಜಗದೇಕವೀರನ ದಿನಚರಿ ಇಷ್ಟು. ನಾನು ಎರಡು ವರ್ಷ ಮಾಡಿದ್ದೂ ಇಷ್ಟೇ.

ಆ ಗುರು ಸಾಯುತ್ತಾನೆ. ಲೋಗನ್ ನೀರಿನ ದಡದಲ್ಲೊಂದು ಗುಂಡಿ ತೋಡಿ ಹೂಳುತ್ತಾನೆ. ನಾಲ್ಕು ಮಾತು ಆಡಬೇಕೆಂದು ಬಾಯಿ ತೆರೆದರೆ, ಇಲ್ಲಿ ನೀರಿದೆ ಎನ್ನುವುದರ ಮುಂದಕ್ಕೆ ಗಂಟಲು ಹೊರಡುವುದಿಲ್ಲ. ಹಿಂದಿರುಗಿ ಬಂದರೆ ವಾಹನವೂ ಹೊರಡುವುದಿಲ್ಲ. ಸಲಿಕೆ ಎತ್ತಿ ಆ ವಾಹನವನ್ನೇ ಜಜ್ಜುತ್ತಾನೆ. ತಂದೆಯವರ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟ ದಿನ, ಹಿಂದಿರುಗುವಾಗ ಬಸ್ಸು ತಡವಾಯಿತೆಂದು ಏನೂ ಅರಿಯದ ಒಬ್ಬ ಕಂಡಕ್ಟರನ ಮೇಲೆ ನಾನು ಕೂಗಾಡಿದ್ದೆ. ಆ ಕೂಗು ಯಾರ ಮೇಲಿನದೆಂದು ನನಗೆ ತಿಳಿದದ್ದು ಆ ಕತ್ತಲೆಯ ಚಿತ್ರಮಂದಿರದಲ್ಲಿ. ಆದ್ದರಿಂದ, ಈ ಜಾತಿಯ ಚಿತ್ರಗಳು ಮನಸ್ಸನ್ನು ಮುಟ್ಟಲಾರವು ಎಂದು ಯಾರು ಹೇಳಿದರೂ ನಾನು ಒಪ್ಪುವವನಲ್ಲ.

ಹಾಗಾದರೆ ತಕರಾರೇನು? ಮುಟ್ಟಿದ್ದು ಯಾವುದು ಎಂಬುದೇ ತಕರಾರು. ಮೇಲಿನ ಎರಡು ಕಡೆಯೂ ನಮ್ಮನ್ನು ಕರಗಿಸುವುದು ವೀರನ ಶಕ್ತಿಯಲ್ಲ. ಶಕ್ತಿ ಕೈಕೊಟ್ಟ ಗಳಿಗೆ. ಇದನ್ನು ಈ ಚಿತ್ರಗಳ ಮೂಲಪುರುಷನೇ ಬಲ್ಲ. 1978ರ ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ಸಾಕುತಂದೆ ಜೋನಾಥನ್ ಕೆಂಟ್ ಮನೆಯಂಗಳದಲ್ಲೇ ಹೃದಯ ಹಿಡಿದುಕೊಂಡು ಕುಸಿಯುತ್ತಾನೆ. ರೈಲಿಗಿಂತ ವೇಗವಾಗಿ ಓಡಬಲ್ಲ ಮಗ ಏನೂ ಮಾಡಲಾಗದೆ ನಿಲ್ಲುತ್ತಾನೆ. ಇಷ್ಟೆಲ್ಲ ಬಲವಿದ್ದೂ ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಹೂಳಿದ ಮಣ್ಣಿನ ಮುಂದೆ ಕೊರಗುತ್ತಾನೆ. (ಸೂಪರ್‌ಮ್ಯಾನ್‌ನ ಕಥೆ ಕಟ್ಟಿದ ಜೆರ್ರಿ ಸೀಗಲ್‌ನ ತಂದೆ 1932ರಲ್ಲಿ ತನ್ನ ಬಟ್ಟೆ ಅಂಗಡಿಯಲ್ಲಿ ಕಳವು ನಡೆದಾಗ ಹೃದಯ ನಿಂತು ಸತ್ತವನು. ಅದಕ್ಕೂ ಇದಕ್ಕೂ ಗಂಟುಹಾಕುವವರಿದ್ದಾರೆ; ನಾನು ಹಾಕುವುದಿಲ್ಲ, ಆದರೆ ಮರೆಯಲೂ ಆಗುವುದಿಲ್ಲ.) ಆ ದೃಶ್ಯ ಚಿನ್ನ. ಆದರೆ ಅದೇ ಚಿತ್ರದ ಕೊನೆಯಲ್ಲಿ ಪ್ರಿಯೆ ಲೋಯಿಸ್ ಭೂಕಂಪಕ್ಕೆ ಸಿಕ್ಕಿ ಸಾಯುತ್ತಾಳೆ. ಇವನು ಭೂಮಿಯನ್ನು ಗರಗರ ಸುತ್ತಿ, ಅದನ್ನೇ ಹಿಂದಕ್ಕೆ ತಿರುಗಿಸಿ, ಕಾಲವನ್ನು ಹಿಮ್ಮೆಟ್ಟಿಸಿ, ಅವಳನ್ನು ಬದುಕಿಸಿಕೊಳ್ಳುತ್ತಾನೆ. ಹಾಗಾದರೆ ಅಪ್ಪನಿಗಾಗಿ ಅತ್ತದ್ದೇಕೆ? ಒಂದೇ ಚಿತ್ರ ಮೊದಲು ಕರುಣವನ್ನು ಕಟ್ಟಿ, ಆಮೇಲೆ ತಾನೇ ಅದನ್ನು ಕೆಡವಿತು. ಅಂದಿನಿಂದ ಇಂದಿನವರೆಗೆ ಈ ಕಟ್ಟಿ ಕೆಡವುವ ಕೆಲಸವೇ ನಡೆದಿದೆ.

ನಮ್ಮ ಭರತಮುನಿ ಇದನ್ನು ಎಂದೋ ಬಿಡಿಸಿಟ್ಟಿದ್ದಾನೆ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಕರುಣರಸಕ್ಕೂ ವಿಪ್ರಲಂಭ ಶೃಂಗಾರಕ್ಕೂ ಭೇದ ಹೇಳುವ ಒಂದು ಮಾತಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದರಂತೆಯೇ ಕಾಣುತ್ತವೆ: ಅದೇ ಚಿಂತೆ, ಅದೇ ನಿಟ್ಟುಸಿರು, ಅದೇ ಕಣ್ಣೀರು. ಆದರೆ ವಿಪ್ರಲಂಭ ಸಾಪೇಕ್ಷ, ಕರುಣ ನಿರಪೇಕ್ಷ. ಅಗಲಿದವರು ಮತ್ತೆ ಸಿಕ್ಕಾರೆಂಬ ಆಸೆ ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಈ ಅಳತೆಗೋಲನ್ನು ಹಿಡಿದು 2018ರ ‘ಇನ್ಫಿನಿಟಿ ವಾರ್’ ಚಿತ್ರದ ಕೊನೆಯನ್ನು ನೋಡಿ. ಖಳನೊಬ್ಬ ಚಿಟಿಕೆ ಹೊಡೆದ ಮಾತ್ರಕ್ಕೆ ಜಗತ್ತಿನ ಅರ್ಧ ಜೀವಕೋಟಿ ಬೂದಿಯಾಗಿ ಉದುರುತ್ತದೆ. ಜೇಡನ ಹುಡುಗ, ನನಗೆ ಹೋಗಲು ಇಷ್ಟವಿಲ್ಲ ಎಂದು ಹಿರಿಯನನ್ನು ಅಪ್ಪಿಕೊಂಡು ಕರಗಿಹೋಗುತ್ತಾನೆ. ನನ್ನ ಅಕ್ಕನ ಮಗ ಕಣ್ಣೊರೆಸಿಕೊಂಡ. ಆದರೆ ಅದೇ ಜೇಡನ ಹುಡುಗನ ಮುಂದಿನ ಚಿತ್ರ 2019ರ ಜುಲೈಯಲ್ಲಿ ತೆರೆಗೆ ಬರುವುದೆಂದು ಅಷ್ಟು ಹೊತ್ತಿಗಾಗಲೇ ಪ್ರಕಟವಾಗಿತ್ತು. ಅದು ಇವನಿಗೂ ಗೊತ್ತಿತ್ತು! ಅವನ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಬೇಸಿಗೆ ರಜ ಮುಗಿಸಿ ಊರಿಗೆ ಹೊರಟ ಮಗುವನ್ನು ರೈಲು ಹತ್ತಿಸುವಾಗಲೂ ಕಣ್ಣು ತುಂಬುತ್ತದೆ. ಅದನ್ನು ಯಾರೂ ಸಾವಿನ ಮನೆಯ ಅಳು ಎಂದು ಕರೆಯುವುದಿಲ್ಲ, ಅಷ್ಟೆ.

ಇಷ್ಟನ್ನು ನಾನು ಹೇಳಿದಾಗ ನನ್ನ ಮಿತ್ರರೊಬ್ಬರು, ನಿವೃತ್ತ ಕನ್ನಡ ಅಧ್ಯಾಪಕರು, ಕೂಡಲೆ ಹಿಡಿದರು: “ಅಲ್ಲ ರಾಯರೇ, ನಿಮ್ಮ ಲೋಹಿತಾಶ್ವ ಎದ್ದು ಕೂರಲಿಲ್ಲವೇ? ರಾಘವಾಂಕ ಓದಿ ಅತ್ತವರೆಲ್ಲ ದಡ್ಡರೋ?” ಪೆಟ್ಟು ಸರಿಯಾಗಿಯೇ ಬಿತ್ತು, ಎರಡು ದಿನ ನನಗೆ ಉತ್ತರ ಹೊಳೆಯಲಿಲ್ಲ. ಹಾವು ಕಚ್ಚಿ ಸತ್ತ ಮಗ ಕಾವ್ಯದ ಕೊನೆಗೆ ಬದುಕುತ್ತಾನೆ, ನಿಜ. ಆದರೆ ಸುಡುಗಾಡಿನಲ್ಲಿ ಚಂದ್ರಮತಿಗೆ ಅದು ತಿಳಿದಿಲ್ಲ, ಹರಿಶ್ಚಂದ್ರನಿಗೂ ತಿಳಿದಿಲ್ಲ. ಹೆತ್ತ ಮಗನ ಹೆಣ ಸುಡಲು ಕಟ್ಟಿಕೊಂಡ ಹೆಂಡತಿಯ ಹತ್ತಿರ ಸುಡುಗಾಡಿನ ತೆರಿಗೆ ಕೇಳಬೇಕಾಗಿ ಬಂದವನ ಸಂಕಟ, ಮಗ ಎದ್ದು ಕುಳಿತ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ತೆರಬೇಕಾದದ್ದನ್ನೆಲ್ಲ ತೆತ್ತು, ಹೆಂಡತಿಯ ಕೊರಳ ಮೇಲೆ ಕತ್ತಿ ಎತ್ತಿದ ಮೇಲೆ ದೇವರು ಬಂದ. ಅದೂ ಒಂದೇ ಸಲ. ಲೋಹಿತಾಶ್ವನ ಎರಡನೆಯ ಸಾವು, ಮೂರನೆಯ ಸಾವು ಎಂದು ಯಾವ ಕವಿಯೂ ಕಾವ್ಯ ಬೆಳೆಸಲಿಲ್ಲ.

ಇನ್ನೊಂದು ಮಾತು. ಕಥೆಯ ಕೊನೆ ಮೊದಲೇ ತಿಳಿದರೆ ರಸ ಕೆಟ್ಟಿತೆಂದು ಈಗಿನ ಹುಡುಗರು ಕಿವಿ ಮುಚ್ಚಿಕೊಳ್ಳುತ್ತಾರೆ. ಯಕ್ಷಗಾನದಲ್ಲಿ ಅಭಿಮನ್ಯು ಚಕ್ರವ್ಯೂಹಕ್ಕೆ ಕಾಲಿಡುವಾಗ ಬಯಲಲ್ಲಿ ಕುಳಿತ ಅಜ್ಜಿಗೂ ಮೊಮ್ಮಗುವಿಗೂ ಅವನು ಹಿಂದಿರುಗುವುದಿಲ್ಲವೆಂದು ಗೊತ್ತು. ಗೊತ್ತಿದ್ದೇ ಗಂಟಲು ಕಟ್ಟುತ್ತದೆ. ತಿಳಿವಳಿಕೆ ರಸಕ್ಕೆ ಶತ್ರುವಲ್ಲ. ಸತ್ತವನು ಬಂದೇ ಬರುತ್ತಾನೆಂಬ ಭರವಸೆ ಶತ್ರು.

ಆ ಭರವಸೆಯನ್ನು ಕೊಡುವವರು ಯಾರು? ಕವಿಯಲ್ಲ, ವರ್ತಕ. 1938ರಲ್ಲಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ತರುಣರು ತಮ್ಮ ಸೂಪರ್‌ಮ್ಯಾನ್‌ನ ಹಕ್ಕನ್ನೆಲ್ಲ 130 ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಅಂದಿನಿಂದ ವೀರನು ಒಂದು ಸೊತ್ತು. ತಾನಾಗಿ ತನ್ನ ಸೊತ್ತನ್ನು ಸುಡುವವರುಂಟೇ? 1992ರಲ್ಲಿ ಅದೇ ಸೂಪರ್‌ಮ್ಯಾನ್‌ನನ್ನು ಚಿತ್ರಪುಸ್ತಕದಲ್ಲಿ ಕೊಂದರು. ಸಂಚಿಕೆಯ ಜೊತೆಗೆ ತೋಳಿಗೆ ಕಟ್ಟಿಕೊಳ್ಳಲು ಕಪ್ಪುಪಟ್ಟಿಯನ್ನೂ ಇಟ್ಟು ಮಾರಿದರು. ಜನ ಅಂಗಡಿಯ ಮುಂದೆ ಸಾಲುನಿಂತು ಸೂತಕವನ್ನು ಕೊಂಡುಕೊಂಡರು. ಮರುವರ್ಷ ಸತ್ತವನು ಎದ್ದುಬಂದ. ಕಪ್ಪುಪಟ್ಟಿಯ ಹಣವನ್ನೇನೂ ಹಿಂದಿರುಗಿಸಲಿಲ್ಲ.

ಈ ವ್ಯಾಪಾರವನ್ನು ಒಂದೇ ಒಂದು ಸಲ ನಿಜವಾದ ಸಾವು ಬಂದು ತಡೆಯಿತು. ‘ಬ್ಲ್ಯಾಕ್ ಪ್ಯಾಂಥರ್’ ಪಾತ್ರ ಮಾಡಿದ್ದ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಆ ಪಾತ್ರಕ್ಕೆ ಬೇರೊಬ್ಬರನ್ನು ತರುವುದಿಲ್ಲವೆಂದು ನಿರ್ಮಾಪಕರು ನಿಶ್ಚಯಿಸಿದರು. 2022ರ ಎರಡನೆಯ ಚಿತ್ರ ಮೊದಲಾಗುವುದೇ ಪ್ರಯೋಗಶಾಲೆಯಲ್ಲಿ: ತಂಗಿ ಅಣ್ಣನನ್ನು ಉಳಿಸುವ ಮೂಲಿಕೆಯನ್ನು ಯಂತ್ರದಿಂದ ಸೃಷ್ಟಿಸಲು ಒದ್ದಾಡುತ್ತಿದ್ದಾಳೆ, ತಾಯಿ ಬಂದು, ಅವನು ಹೋದ ಎನ್ನುತ್ತಾಳೆ. ಊರೆಲ್ಲ ಬಿಳಿಯ ಬಟ್ಟೆ ಉಟ್ಟು ಶವದ ಹಿಂದೆ ಹೆಜ್ಜೆ ಹಾಕುತ್ತದೆ. ಸಾಮಾನ್ಯವಾಗಿ ಅಬ್ಬರದ ವಾದ್ಯದೊಡನೆ ಬರುವ ಸಂಸ್ಥೆಯ ಮುದ್ರೆ, ಆ ನಟನ ಚಿತ್ರಗಳನ್ನಷ್ಟೇ ಹೊತ್ತು, ಸದ್ದಿಲ್ಲದೆ ಹಾದುಹೋಗುತ್ತದೆ. ನಾನು ಹೋದ ದಿನ ಅಷ್ಟು ಹೊತ್ತು ಪಾಪ್‌ಕಾರ್ನಿನ ಸದ್ದೂ ಇರಲಿಲ್ಲ. ಉಳಿದ ಚಿತ್ರ ನನಗೇನೂ ದೊಡ್ಡದೆನಿಸಲಿಲ್ಲ. ಎರಡೂಮುಕ್ಕಾಲು ಗಂಟೆಯ ಬಹುಭಾಗ ಎಂದಿನ ಗದ್ದಲವೇ. ಆದರೆ ಆ ಮೊದಲ ನಿಮಿಷಗಳಲ್ಲಿ ಮುಂದಿನ ಭಾಗದಲ್ಲಿ ಬಂದಾನು ಎಂದು ಸಮಾಧಾನ ಹೇಳುವವರು ಯಾರೂ ಇರಲಿಲ್ಲ.

ಇದು ಪಾಠವಾದೀತೆಂದು ನಾನು ನಂಬಿದ್ದೆ. 2024ರ ಜುಲೈಯಲ್ಲಿ ‘ಡೆಡ್‌ಪೂಲ್ ಮತ್ತು ವುಲ್ವರೀನ್’ ಬಂತು. ಅಕ್ಕನ ಮಗನೇ ಮತ್ತೆ ಕರೆದುಕೊಂಡು ಹೋದ. ಈಗ ಅವನು ಕೆಲಸಕ್ಕೆ ಸೇರಿದ್ದ, ಟಿಕೇಟಿನ ಹಣವನ್ನೂ ಅವನೇ ಕೊಟ್ಟ. ಚಿತ್ರ ಮೊದಲಾಗುವುದೇ ಲೋಗನ್‌ನ ಸಮಾಧಿಯಲ್ಲಿ. ಏಳು ವರ್ಷದ ಹಿಂದೆ ಮಗಳು ನೆಟ್ಟ ಶಿಲುಬೆಯನ್ನು ಓರೆಮಾಡಿ ನಿಲ್ಲಿಸಿ ಹೋದ ಅದೇ ಮಣ್ಣನ್ನು ಕೆಂಪು ಉಡುಪಿನ ಕೋಡಂಗಿಯೊಬ್ಬ ಅಗೆಯುತ್ತಾನೆ, ಸತ್ತಿದ್ದಾನೋ ಇಲ್ಲವೋ ನೋಡೋಣವೆಂದು. ಒಳಗೆ ಅಸ್ಥಿಪಂಜರ. ಆ ಮೂಳೆಗಳನ್ನೇ ಕಿತ್ತು, ಕುಣಿಯುತ್ತ, ಬಂದ ಸೈನಿಕರನ್ನು ಕೊಲ್ಲುತ್ತಾನೆ. ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ಜಾಣತನದ ನಗೆಯೆಂದು ಒಪ್ಪುತ್ತೇನೆ. ಸಾಯಿಸಿ ಬದುಕಿಸುವ ತಮ್ಮ ಕಸುಬನ್ನು ತಾವೇ ಗೇಲಿ ಮಾಡಿಕೊಂಡರು ಎಂದು ಪತ್ರಿಕೆಗಳಲ್ಲಿ ಬರೆದವರೂ ಉಂಟು. ಗೇಲಿ ಮಾಡಿಯೂ ಅದೇ ಕಸುಬನ್ನೇ ಮುಂದುವರಿಸಿದರಲ್ಲ! ಹ್ಯೂ ಜ್ಯಾಕ್‌ಮನ್ ಬೇರೊಂದು ಜಗತ್ತಿನ ವುಲ್ವರೀನ್ ಆಗಿ ಮೀಸೆ ತಿರುವಿಕೊಂಡು ಬಂದೇ ಬಂದ. ಅದೇ ತಿಂಗಳು ಸಾನ್ ಡಿಯಾಗೋ ನಗರದ ವೇದಿಕೆಯ ಮೇಲೆ, ‘ಎಂಡ್‌ಗೇಮ್’ನಲ್ಲಿ ಲೋಕಕ್ಕಾಗಿ ಪ್ರಾಣ ಕೊಟ್ಟಿದ್ದ ರಾಬರ್ಟ್ ಡೌನಿ ಜೂನಿಯರ್ ಮುಖವಾಡ ತೆಗೆದು, ತಾನು ಮತ್ತೆ ಬರುವುದಾಗಿ ಸಾರಿದರು. ಸಭೆ ಕುಣಿದಾಡಿತು.

“ಅದು ಬೇರೆ ಪಾತ್ರ ಮಾವ. ಈ ಸಲ ಅವನು ವಿಲನ್ನು” ಎಂದು ಅಕ್ಕನ ಮಗ ತಿದ್ದಿದ.

“ಮುಖ ಅದೇ ಅಲ್ಲವೇನೋ?”

“ಮುಖ ಅದೇ.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಡೆದೆವು. ಬಸ್ ನಿಲ್ದಾಣದ ಹತ್ತಿರ ಬಂದಾಗ ಅವನು ಇದ್ದಕ್ಕಿದ್ದಂತೆ, “ಆ ಲೋಗನ್ ನೋಡಿದ ದಿನ ನೀವು ಅತ್ತಿದ್ದು ನಾನು ನೋಡಿದ್ದೆ. ತಾತ ನೆನಪಾದರು ಅಂತ ಗೊತ್ತಾಯಿತು. ಅದಕ್ಕೇ ಏನೂ ಕೇಳಲಿಲ್ಲ” ಎಂದ. ಆಮೇಲೆ, “ಇದಕ್ಕೆ ನಿಮ್ಮನ್ನು ಕರೆದುಕೊಂಡು ಬರಬಾರದಿತ್ತು” ಎಂದೂ ಸೇರಿಸಿದ.

ಮುಂದಿನದಕ್ಕೂ ಬರುತ್ತೇನೆಂದೆ. ಅಳಿಸುವ ಜಾಗ ಎಲ್ಲಿದೆಯೆಂದು ಮೊದಲೇ ತಿಳಿದುಕೊಂಡು ಹೇಳಿದರೆ ಸಾಕು. ಅಷ್ಟು ಹೊತ್ತು ನಾನು ಎದ್ದು ಹೊರಗೆ ಹೋಗಿ ಕಾಫಿ ಕುಡಿದು ಬರುತ್ತೇನೆ.