‘ಆದರೂ’ ಎಂಬ ಹೊಗಳಿಕೆ

ಕನ್ನಡ ಮೇಷ್ಟ್ರಾಗಿ ಇಷ್ಟು ವರ್ಷ ಕಳೆದ ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಒಂದು ಹೊಗಳಿಕೆ. “ಸಾರ್, ನೀವು ಮುಸ್ಲಿಮರಾದರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!” ವಿಜಯನಗರದ ಪೋಷಕರ ಸಭೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲೂ ಇದನ್ನು ಕೇಳಿದ್ದೇನೆ. ಹೇಳುವವರ ಮನಸ್ಸಿನಲ್ಲಿ ಕೇಡಿರುವುದಿಲ್ಲ, ಒಪ್ಪುತ್ತೇನೆ. ಆದರೆ ಆ ‘ಆದರೂ’ ಇದೆಯಲ್ಲ, ಅದು ನನ್ನನ್ನು ನನ್ನದೇ ಮನೆಯಲ್ಲಿ ನೆಂಟನನ್ನಾಗಿ ಮಾಡುತ್ತದೆ. ತಲೆ ನರೆತ ನಾನು ನಕ್ಕು ಸುಮ್ಮನಾಗಬಲ್ಲೆ. ಏಳನೇ ತರಗತಿಯ ಹುಡುಗಿ ಏನೆಂದು ತಿಳಿಯಬೇಕು?

ತರಗತಿಯ ಸಂಗತಿಯನ್ನೇ ಹೇಳುತ್ತೇನೆ. ಪಾದರಾಯನಪುರದ ಕಡೆಯಿಂದ ಬರುವ, ಮನೆಯಲ್ಲಿ ಉರ್ದು ಆಡುವ ಮಕ್ಕಳ ನಾಲಗೆಗೆ ‘ಳ’, ‘ಣ’ ದಕ್ಕುವುದು ತುಸು ತಡ. ಅವರ ಮನೆಮಾತಿನಲ್ಲಿ ಆ ಧ್ವನಿಗಳಿಲ್ಲ, ಅಷ್ಟೆ. ‘ಬಾಲೆಹನ್ನು’ ಎಂದೊಡನೆ ತರಗತಿಯೆಲ್ಲ ಗೊಳ್ಳೆನ್ನುತ್ತದೆ. ಅದೇ ಬೆಂಚಿನಲ್ಲಿ ಕೂತ, ಕನ್ನಡವೇ ಮನೆಮಾತಾದ ಹುಡುಗ ‘ಹಕ್ಕಿ’ಯನ್ನು ‘ಅಕ್ಕಿ’ ಮಾಡಿ ಓದಿದರೆ ಯಾರೂ ಅವನ ಧರ್ಮವನ್ನು ನೆನೆಯುವುದಿಲ್ಲ. ಇನ್ನೊಂದು ಸೋಜಿಗವಿದೆ. ಖ, ಘ, ಧ, ಭ ಈ ಮಹಾಪ್ರಾಣಗಳು ಉರ್ದು ಮನೆಯ ಮಕ್ಕಳಿಗೆ ಸಲೀಸು. ‘ಭಾಷೆ’ಯನ್ನು ‘ಬಾಸೆ’ ಮಾಡದೆ ಓದುವವರು ಬಹಳ ಸಲ ಅವರೇ. ಇದಕ್ಕಾಗಿ ಅವರ ಬೆನ್ನು ತಟ್ಟಿದ ಮೇಷ್ಟ್ರುಗಳನ್ನು ನಾನು ಹೆಚ್ಚು ಕಂಡಿಲ್ಲ.

ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಮಿಷನರಿ ಕನ್ನಡ ಶಾಲೆಗೆ ಸೇರಿಸಿಕೊಂಡಾಗ, ಆರು ತಿಂಗಳಲ್ಲಿ ಕನ್ನಡ ಓದು-ಬರಹ ಕಲಿಯಬೇಕೆಂದು ಷರತ್ತು ಹಾಕಿದ್ದರಂತೆ. ಕೆಲವೇ ದಿನಗಳಲ್ಲಿ ಆ ಹುಡುಗಿ ಬರೆಯತೊಡಗಿದಳು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತು, ನಾಡು ಹೆಮ್ಮೆಪಟ್ಟಿತು. ನಾಲ್ಕು ತಿಂಗಳೊಳಗೆ, ಅವರಿಂದ ಮೈಸೂರು ದಸರಾ ಉದ್ಘಾಟಿಸಬಾರದೆಂದು ಕೆಲವರು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರೇ ಉದ್ಘಾಟಿಸಿದರು. ಅವರು ಹಿಂದೆ ಆಡಿದ್ದ ಮಾತುಗಳನ್ನು ಯಾರು ಬೇಕಾದರೂ ಟೀಕಿಸಲಿ, ಅದು ಬೇರೆ. ಎಂಟು ವರ್ಷದ ಹುಡುಗಿಗೆ ಹಾಕಿದ ಷರತ್ತಿಗೆ ಆರು ತಿಂಗಳ ಗಡುವಾದರೂ ಇತ್ತು. ಎಪ್ಪತ್ತು ದಾಟಿದ ಲೇಖಕಿಗೆ ಹಾಕುವ ಷರತ್ತಿಗೆ ಗಡುವೇ ಇಲ್ಲ.

ಶಾಲಾ ವಾರ್ಷಿಕೋತ್ಸವ ಬಂದರೆ ಮಾತ್ರ ನಮಗೆ ಶಿಶುನಾಳ ಶರೀಫರು ಬೇಕು. ಒಬ್ಬ ಹುಡುಗನಿಗೆ ಜನಿವಾರ, ಇನ್ನೊಬ್ಬನಿಗೆ ಹಸಿರು ರುಮಾಲು, ಚಪ್ಪಾಳೆ. ಕಳಸದ ಗೋವಿಂದಭಟ್ಟರು ತಮ್ಮವರ ವಿರೋಧ ಕಟ್ಟಿಕೊಂಡೇ ಶರೀಫರನ್ನು ಶಿಷ್ಯನೆಂದು ಒಪ್ಪಿದರು. ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಸ್ವತಃ ಶಾಲಾ ಮಾಸ್ತರರಾಗಿದ್ದರು ಎಂಬುದನ್ನಂತೂ ಆ ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. ಮುಸ್ಲಿಮನೊಬ್ಬ ಈ ನಾಡಿನ ಮಕ್ಕಳಿಗೆ ಪಾಠ ಹೇಳುವುದು ಹತ್ತೊಂಬತ್ತನೇ ಶತಮಾನದಲ್ಲೇ ಹೊಸದಾಗಿರಲಿಲ್ಲ ಸ್ವಾಮಿ!

ಇನ್ನು ನಮ್ಮವರ ಮಾತು. ‘ಆದರೂ’ ಎಂಬುದು ಹೊರಗಿನವರ ಬಾಯಲ್ಲಷ್ಟೇ ಇಲ್ಲ. “ಕನ್ನಡ ಪಾಸಾದರೆ ಸಾಕು ಸಾರ್, ಇಂಗ್ಲಿಷು, ಗಣಿತ ನೋಡ್ಕೊಳ್ಳಿ” ಎನ್ನುವ ತಂದೆಯರು ನನ್ನ ಮುಂದೆ ಬಂದು ಕೂರುತ್ತಾರೆ. ಕುರ್‌ಆನಿನ ಮೊದಲ ಆಜ್ಞೆಯೇ ಓದಿನ ಕುರಿತದ್ದು ಎಂದು ಸಭೆಗಳಲ್ಲಿ ಭಾಷಣ ಮಾಡುವ ನಮ್ಮಲ್ಲಿ ಎಷ್ಟು ಮನೆಗಳಿಗೆ ಒಂದು ಕನ್ನಡ ಪತ್ರಿಕೆ ಬರುತ್ತದೆ? ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರು. 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಅವರ ಹೆಸರು ಹೇಳಿ ಎದೆಯುಬ್ಬಿಸುತ್ತೇವೆ, ಅವರದೊಂದು ಪುಸ್ತಕ ಮನೆಯಲ್ಲಿಲ್ಲ. ಉರ್ದು ಬಿಡಿ ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಹೊರುವಷ್ಟು ಶಕ್ತಿ ಮಕ್ಕಳ ನಾಲಗೆಗಿದೆ, ದಿನವೂ ನೋಡುತ್ತಿದ್ದೇನೆ.

ಹಂಪಿನಗರದಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯವಿದೆ. ಪಾದರಾಯನಪುರದಿಂದ ಬಹಳ ದೂರವೇನಲ್ಲ. ಮಗಳನ್ನು ಅಲ್ಲಿಗೆ ಸದಸ್ಯಳನ್ನಾಗಿ ಮಾಡಿಸಿ ಎಂದು ಒಬ್ಬ ತಂದೆಗೆ ಹೇಳಿದೆ. “ಪರೀಕ್ಷೆ ಮುಗೀಲಿ ಸಾರ್” ಎಂದರು. ಪರೀಕ್ಷೆ ಮುಗಿದು ಎರಡು ತಿಂಗಳಾಯಿತು.